ಸುಮಾಳ ರಕ್ತದ ವರದಿ

ಸುಮಾಳ ರಕ್ತದ ವರದಿಯನ್ನು ನಾನು ಮುಚ್ಚಿಟ್ಟೆ. ಎಲ್ಲ ಸರಿಯಾಗಿದೆ ಎಂದು ಅವಳ ತಾಯಿಯ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಆಗ ನಾನು ನಾಗಪುರದಲ್ಲಿ ಪಿಎಚ್‌ಡಿಯ ಮೂರನೆಯ ವರ್ಷದಲ್ಲಿದ್ದೆ. ವಿದರ್ಭದ ಎಷ್ಟೋ ಮನೆಗಳನ್ನು ಕಾಡುವ ರಕ್ತದ ಕಾಯಿಲೆ ಸಿಕಲ್ ಸೆಲ್ ನನ್ನ ವಿಷಯ. ರೋಗಿಗಳ ರಕ್ತದೊಡನೆ ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕಿತ್ತು. ಅದನ್ನು ತೆಗೆಯುವ ಮೊದಲು ನೈತಿಕತಾ ಸಮಿತಿಯ ಒಪ್ಪಿಗೆ ಬರಬೇಕು, ಕೊಡುವವರಿಗೆ ವಿವರಿಸಿ ಸಹಿ ಪಡೆಯಬೇಕು. ಒಪ್ಪಿಗೆ ತಡವಾಗುತ್ತಿತ್ತು. ಜೊತೆಯವರ ಲೇಖನಗಳು ಅಚ್ಚಾಗುತ್ತಿದ್ದವು. ನಾನು ಕಾಯಲಿಲ್ಲ; ಪರಿಚಯದವರಿಂದ ಹಾಗೆಯೇ ರಕ್ತ ತೆಗೆಯತೊಡಗಿದೆ.

ಪ್ರತಾಪ ನಗರದಲ್ಲಿ ನಮ್ಮ ಮೇಲಿನ ಮನೆಯವರು ಬಾಗಲಕೋಟೆ ಕಡೆಯವರು. ಅವರ ಮಗಳು ಸುಮಾ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ರಕ್ತ ಕೊಡುತ್ತೀಯಾ ಎಂದಾಗ ಯಾಕೆ ಎಂದೂ ಕೇಳದೆ ತೋಳು ಚಾಚಿದಳು.

ಪರೀಕ್ಷೆಯಲ್ಲಿ ಅವಳು ತಲಸೇಮಿಯಾ ಎಂಬ ಆನುವಂಶಿಕ ರಕ್ತರೋಗದ ವಾಹಕಿ ಎಂದು ಬಂತು. ಅವಳಿಗೇನೂ ಅಪಾಯವಿಲ್ಲ. ಆದರೆ ಗಂಡನಾಗುವವನೂ ಅಂಥ ವಾಹಕನಾಗಿದ್ದರೆ—ಹುಟ್ಟುವ ಮಗು ಬದುಕಿಡೀ ನರಳಬಹುದು. ಹೇಳಬೇಕಿತ್ತು. ಹೇಳಿದರೆ ಅವರು ಆಸ್ಪತ್ರೆಗೆ ಹೋಗುತ್ತಾರೆ, ಮಾತು ಪ್ರಯೋಗಾಲಯಕ್ಕೆ ಮುಟ್ಟುತ್ತದೆ, ಸಹಿಯ ಕಾಗದ ಎಲ್ಲಿ ಎಂದು ಕೇಳುತ್ತಾರೆ—

ಮರುವಾರ ಸುಮಾಳ ತಾಯಿ ಮೆಟ್ಟಿಲ ಮೇಲೆ ಸಿಕ್ಕರು. ಅವರನ್ನು ನಾನು ಕಾಕು ಎನ್ನುತ್ತಿದ್ದೆ.

"ನಮ್ಮ ಸುಮಾಂದು ರಕ್ತ ಹೆಂಗ ಐತಿ? ವರ ನೋಡಾಕ ಹತ್ತೀವಿ, ಅದಕ್ಕ ಕೇಳಿದೆ."

"ಎಲ್ಲಾ ಬರೋಬರ್ ಐತಿ, ಕಾಕು."

ಅವರು ನಿರಾಳವಾಗಿ ನಕ್ಕು, ಒಳಗೆ ಕರೆದು ಬಿಸಿ ರೊಟ್ಟಿ ಬಡಿಸಿದರು. ತಿಂದೆ. ಮರುದಿನ ಸುಮಾಳನ್ನು ಆರೋಗ್ಯವಂತರ ಪಟ್ಟಿಯಿಂದ ತೆಗೆದುಹಾಕಿದೆ. ಒಪ್ಪಿಗೆಯಿಲ್ಲದೆ ಪಡೆದ ಉಳಿದವರ ರಕ್ತದ ಫಲಿತಾಂಶಗಳನ್ನು ಮಾತ್ರ ಹಾಗೆಯೇ ಇಟ್ಟುಕೊಂಡೆ.

ಅವಳ ಮದುವೆಯ ಊಟವನ್ನೂ ಉಂಡೆ. ಎರಡು ವರ್ಷ ಸುಮ್ಮನಿದ್ದೆ—ಹೆದರಿಕೆಯಿಂದ ಎನ್ನಲೇ? ಮೊದಮೊದಲು ಹೆದರಿಕೆ. ಆಮೇಲೆ, ನಿಜ ಹೇಳಬೇಕೆಂದರೆ, ಮರೆವು. ನಾಚಿಕೆಯೆನಿಸುವುದು ಅದಕ್ಕೇ.

ಸುಮಾ ಬಸುರಿ ಎಂದು ಕಾಕು ಪೇಡೆ ತಂದುಕೊಟ್ಟ ದಿನ ಎಲ್ಲ ನೆನಪಾಯಿತು. ಆ ಮಧ್ಯಾಹ್ನವೇ ಮನೀಶ್ ನಗರದ ಅವಳ ಮನೆಗೆ ಹೋಗಿ, ಗಂಡನ ಎದುರೇ ಹೇಳಿದೆ. ಸುಮಾ ನನ್ನತ್ತ ತಿರುಗಿದಳು.

"ಯಾಕಕ್ಕಾ... ಆಗ ಹೇಳಿದ್ರ ನಾ ಏನ್ ನಿನ್ನ ಜೋಡಿ ಜಗಳಾ ಆಡ್ತಿದ್ನೇನು?"

ಅವಳ ಗಂಡ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಜಲ್ದಿ ನಡಿ ಸುಮಾ. ನನ್ನ ರಕ್ತ ಇವತ್ತ ಕೊಟ್ಟ ಬರೋಣು."

ವರದಿ ಬರಲು ನಾಲ್ಕು ದಿನ. ಆ ದಿನಗಳನ್ನು ಅವರು ಹೇಗೆ ಕಳೆದರೋ—ಕೇಳುವ ಹಕ್ಕೂ ನನಗಿಲ್ಲ. ಅವಳ ಗಂಡ ವಾಹಕರಾಗಿರಲಿಲ್ಲ. ಮುಂದೆ ಗಟ್ಟಿಮುಟ್ಟಾದ ಹೆಣ್ಣುಮಗು ಹುಟ್ಟಿತು. ಅದು ಅವರ ಅದೃಷ್ಟ. ಅದರಿಂದ ನನ್ನ ತಪ್ಪು ಕಿರಿದಾಗುವುದಿಲ್ಲ.

ಆ ವಾರವೇ ನನ್ನ ಮಾರ್ಗದರ್ಶಕಿಗೂ ಹೇಳಿದೆ. ಅವರು ಬಯ್ಯಲಿಲ್ಲ. ಆ ರಕ್ತದ ಫಲಿತಾಂಶಗಳಿದ್ದ ಅಧ್ಯಾಯವನ್ನು ಪೂರ್ತಿ ತೆಗೆಸಿದರು, ಸಮಿತಿಗೆ ನನ್ನ ಕೈಯಿಂದಲೇ ತಪ್ಪೊಪ್ಪಿಗೆಯ ಪತ್ರ ಬರೆಸಿದರು. ಪದವಿ ಒಂದೂವರೆ ವರ್ಷ ತಡವಾಯಿತು. ಈ ಸಲ ಒಬ್ಬೊಬ್ಬರನ್ನೂ ಕೂರಿಸಿ ವಿವರಿಸಿ, ಸಹಿ ಪಡೆದು ರಕ್ತ ತೆಗೆದೆ. ಪ್ರತಿಯೊಬ್ಬರ ವರದಿಯನ್ನೂ ಅವರವರ ಮನೆಗೆ ಮುಟ್ಟಿಸಿದೆ.

ಸುಮಾ ವರ್ಷಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಈಗ ನಾನೇ ಸಂಶೋಧನಾ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಕಳೆದ ವರ್ಷ ಧೈರ್ಯ ಮಾಡಿ ಅವಳಿಗೆ ಫೋನ್ ಮಾಡಿದೆ—ಹೊಸ ವಿದ್ಯಾರ್ಥಿಗಳ ಮುಂದೆ ಇದನ್ನು ಹೇಳಲೇ ಎಂದು ಕೇಳಿದೆ.

"ಹೇಳು. ನನ್ನ ಹೆಸರು ಬ್ಯಾಡ, ನಿನ್ನ ಹೆಸರು ಹಾಕೇ ಹೇಳು," ಎಂದಳು. ಮತ್ತೆ ಅವಳೇ ಕೇಳಿದಳು: "ನಮ್ಮ ಹುಡುಗಿಗೆ ಮರಾಠಿ, ಹಿಂದಿ ಅಷ್ಟ ಓದಾಕ ಬರತೈತಿ. ಐತಾರ ಬಂದು ಕನ್ನಡ ಕಲಿಸ್ತಿ ಏನು?"

ವಿದ್ಯಾರ್ಥಿಗಳಿಗೆ ಹೇಳಿದೆ, ನನ್ನ ತಪ್ಪೆಂದೇ ಹೇಳಿದೆ. ಸುಮಾ ಎಂಬುದು ಅವಳಿಗೆ ನಾನಿಟ್ಟ ಬೇರೆ ಹೆಸರು. ಸುಮಾ ನನ್ನನ್ನು ಕ್ಷಮಿಸಿದ್ದಾಳೆಯೇ—ಗೊತ್ತಿಲ್ಲ, ಕೇಳುವುದೂ ಇಲ್ಲ. ಪ್ರತಿ ಭಾನುವಾರ ಮನೀಶ್ ನಗರಕ್ಕೆ ಹೋಗುತ್ತೇನೆ. ಹುಡುಗಿ ಈಗ ಒತ್ತಕ್ಷರಗಳವರೆಗೆ ಬಂದಿದ್ದಾಳೆ.