ಪರದೇಶದವಳಿಗೆ ನಾನು ಊರು ತೋರಿಸಿದ್ದು

ಬಬಲೇಶ್ವರದಿಂದ ಬಂದು ವಿಜಯಪುರದ ಜಲನಗರದಲ್ಲಿ ರೂಮು ಹಿಡಿದು ನನಗೆ ಆಗ ಮೂರು ವಾರವಾಗಿತ್ತು. ಇಂಗ್ಲಿಷ್ ಎಂ.ಎ.ಗೆ ಸೇರಿದ್ದೆ. ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನಾ ಈಗ ಸಿಟಿಯಾಗ ಇರತೇನಿ" ಎಂದು ಹೇಳಿಕೊಂಡು ಬಂದಿದ್ದೆ. ಆ ಸಿಟಿಯಲ್ಲಿ ನನಗೆ ಗೊತ್ತಿದ್ದ ದಾರಿ ಎರಡೇ: ರೂಮಿನಿಂದ ಕಾಲೇಜಿಗೆ, ರೂಮಿನಿಂದ ಬಸ್ ಸ್ಟ್ಯಾಂಡಿಗೆ. ಕಾಲೇಜು ಮುಗಿಸಿ ಊರಿನ ಬಸ್ ಹಿಡಿಯಬೇಕೆಂದರೆ ಮೊದಲು ರೂಮಿಗೆ ಬಂದು, ಬೀಗ ಹಾಕಿದ ಬಾಗಿಲನ್ನೊಮ್ಮೆ ನೋಡಿ, ಅಲ್ಲಿಂದ ಹೊರಡುತ್ತಿದ್ದೆ. ನಡುವೆ ಒಳದಾರಿ ಇರಬಹುದೆಂಬ ಅನುಮಾನವಿತ್ತು. ಹುಡುಕುವ ಧೈರ್ಯವಿರಲಿಲ್ಲ.

ಮನೆಯ ಮಾಲಕಿ ಕೆಳಗಿದ್ದರು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಅಕ್ಕೋರು. ಒಂದು ಮುಂಜಾನೆ ನನ್ನನ್ನು ಕರೆದರು.

"ನಿನ್ನ ಬಾಜೂ ರೂಮಿಗೆ ತಾಂಜಾನಿಯಾದಿಂದ ಒಬ್ಬಾಕಿ ಹುಡುಗಿ ಬರಾಕತ್ಯಾಳ, ಓದಾಕ. ನಿನಗ ಇಂಗ್ಲಿಷ್ ಬರತೈತಿ, ಊರೂ ಗೊತ್ತೈತಿ. ನೀನ ನೋಡಿಕೊಳ್ಳವ್ವಾ."

ಎರಡೂ ಅಷ್ಟು ನಿಜವಲ್ಲ ಎಂದು ಹೇಳಲು ಅದು ಸರಿಯಾದ ಸಮಯ. "ಹೂಂರಿ ಅಕ್ಕೋರ, ನೀವೇನೂ ಚಿಂತಿ ಮಾಡಬ್ಯಾಡ್ರಿ" ಅಂದೆ.

ಎರಡು ದಿನ ಒಂದು ಸ್ವಾಗತ ಭಾಷಣ ಬಾಯಿಪಾಠ ಮಾಡಿದೆ. ಅದರಲ್ಲಿ ಆದಿಲಶಾಹಿ ಸುಲ್ತಾನರೂ ಇದ್ದರು, ಜೋಳದ ರೊಟ್ಟಿಯೂ ಇತ್ತು. ಅವಳು ಬಂದಳು. ಆಟೋದಿಂದ ಎರಡು ದೊಡ್ಡ ಬ್ಯಾಗು ತಾನೇ ಇಳಿಸಿಕೊಂಡು, ತಾನೇ ಮೆಟ್ಟಿಲು ಹತ್ತಿಸಿದಳು. ನಾನು ಗಂಟಲು ಸರಿಮಾಡಿಕೊಳ್ಳುತ್ತ ನಿಂತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಅಕ್ಕೋರು ಕೂಗಿದರು: "ಪ್ರಯಾಣ ಮಾಡಿ ಬಂದಾಳ, ಜಳಕಕ್ಕ ಸಾಬೂನ ಬೇಕೇನು ಕೇಳವ್ವಾ!"

ಇದಕ್ಕೆ ತಕ್ಕ ಮರ್ಯಾದೆಯ ಇಂಗ್ಲಿಷ್ ವಾಕ್ಯವನ್ನು ನಾನು ಮನಸ್ಸಿನಲ್ಲಿ ಜೋಡಿಸುತ್ತಿದ್ದಾಗಲೇ ಅವಳು ಕಟಾಂಜನಕ್ಕೆ ಬಾಗಿ, "ಸಾಬುನಿ? ಯೆಸ್, ಸಾಬುನಿ!" ಅಂದಳು. ಅವರ ಸ್ವಾಹಿಲಿಯಲ್ಲೂ ಸಾಬೂನಿಗೆ ಹೆಚ್ಚುಕಡಿಮೆ ಅದೇ ಹೆಸರಂತೆ. ಸಂಜೆಯೊಳಗೆ ಅವಳೂ ಅಕ್ಕೋರೂ ಸೇರಿ ದುಕಾನ, ಹವಾ, ಚಪಾತಿ, ದುನಿಯಾ ಎಂದು ಎರಡೂ ಕಡೆ ಹೊಂದುವ ಮಾತುಗಳನ್ನೆಲ್ಲ ಪತ್ತೆಹಚ್ಚಿಬಿಟ್ಟಿದ್ದರು. ಅಕ್ಕೋರ ಅಡುಗೆಮನೆಯಲ್ಲಿ ನಗು ಕೇಳುತ್ತಿತ್ತು. ದುಭಾಷಿಯಾದ ನಾನು ಮೇಲೆ ಒಬ್ಬಳೇ ಕೂತು ಭಾಷಣದಿಂದ ಸುಲ್ತಾನರನ್ನು ತೆಗೆದುಹಾಕಿದೆ.

ಆದರೂ ನನ್ನ ಅಗತ್ಯ ಬೀಳುವ ದಿನ ಬಂತು. ಹೊರದೇಶದಿಂದ ಬಂದವರು ಕೆಲವೇ ದಿನಗಳಲ್ಲಿ ಸರಕಾರಿ ಕಚೇರಿಗೆ ಹೋಗಿ ತಮ್ಮ ಹೆಸರು ನೋಂದಾಯಿಸಬೇಕು. ಅವಳ ಬಳಿ ಕಾಗದಪತ್ರಗಳ ಒಂದು ಹಸಿರು ಫೈಲು ಸಿದ್ಧವಾಗಿತ್ತು. "ಆ ಕಚೇರಿ ನಿನಗೆ ಗೊತ್ತಾ?" ಎಂದು ಕೇಳಿದಳು. "ನನ್ನ ಊರಲ್ಲವೇ!" ಅಂದೆ.

ಕಚೇರಿ ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ. ನನ್ನ ವಿಜಯಪುರ ಶುರುವಾಗುವುದು ಬಸ್ ಸ್ಟ್ಯಾಂಡಿನಿಂದ, ಹಾಗಾಗಿ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಯಾರನ್ನಾದರೂ ಕೇಳಬೇಕು, ಆದರೆ ಅವಳೆದುರಿಗೆ ಕೇಳಬಾರದು. ಅವಳು ನೀರಿನ ಬಾಟಲಿ ಕೊಳ್ಳಲು ಹೋದಾಗ, ಸಿಟಿ ಬಸ್ಸಿನಂತೆ ಕಂಡ ಒಂದರ ಬಳಿ ನಿಂತಿದ್ದ ಹೆಂಗಸನ್ನು ಗುಟ್ಟಾಗಿ ಕೇಳಿದೆ. "ಹೂಂ, ಆ ಕಡೇನ ಹೊಕ್ಕೈತಿ, ಹತ್ತವ್ವಾ" ಅಂದಳು. ಅವಳು ಬಂದ ಕೂಡಲೇ, ಬೋರ್ಡು ಓದುವ ಗೋಜಿಗೆ ಹೋಗದೆ ಅವಳನ್ನು ಕರೆದುಕೊಂಡು ಹತ್ತಿದೆ. ಕಿಟಕಿ ಪಕ್ಕದ ಸೀಟು ಅತಿಥಿಗೆ ಕೊಟ್ಟು, ಉಳಿಸಿಟ್ಟಿದ್ದ ಭಾಷಣ ಶುರುಮಾಡಿದೆ. ಕೇಳುವವರು ಸಿಕ್ಕ ಖುಷಿಗೆ ಸುಲ್ತಾನರೂ ವಾಪಸ್ಸು ಬಂದರು.

ಕಂಡಕ್ಟರು ನಮ್ಮ ಸೀಟಿನ ತನಕ ಬರುವಷ್ಟರಲ್ಲಿ ಹೊರಗೆ ಮನೆಗಳು ಮುಗಿದು ಹೊಲಗಳು ಕಾಣುತ್ತಿದ್ದವು.

"ಎಲ್ಲಿಗ್ರೀ?"

ಕಚೇರಿಯ ಹೆಸರು ಹೇಳಿದೆ.

"ಅದು ಹಿಂದ ಉಳೀತಲ್ರೀ ಅಕ್ಕಾರ. ಇದು ತಿಕೋಟಾ ಗಾಡಿ."

ಅವಳು ನನ್ನ ಮುಖ ನೋಡಿದಳು. ನಿಲ್ಲಿಸಿ ಇಳಿಯಬಹುದಿತ್ತು. ನಾನು ಮಾಡಿದ್ದು ಬೇರೆ. ಇದೆಲ್ಲ ಮೊದಲೇ ಯೋಚಿಸಿದ್ದು ಎಂಬಂತೆ ಕಂಡಕ್ಟರಿಗೆ "ಎರಡು ತಿಕೋಟಾ ಕೊಡ್ರಿ" ಎಂದು ಹೇಳಿ, ಅವಳ ಕಡೆ ತಿರುಗಿ, "ಮೊದಲು ನಿನಗೆ ನಮ್ಮ ದ್ರಾಕ್ಷಿ ತೋಟ ತೋರಿಸಬೇಕು. ಕಚೇರಿ ಆಮೇಲೆ" ಅಂದೆ. "ಒಳ್ಳೆಯದು" ಅಂದಳು, ಬಹಳ ವಿನಯದಿಂದ.

ತಿಕೋಟಾದಲ್ಲಿ ನನಗೆ ಒಬ್ಬರೂ ಪರಿಚಯವಿರಲಿಲ್ಲ. ಆದರೂ ಬಸ್ಸಿಳಿದು ಎಲ್ಲ ತಿಳಿದವಳಂತೆ ಮುಂದೆ ಮುಂದೆ ನಡೆದೆ. ಬಿಸಿಲು ನೆತ್ತಿಗೇರುತ್ತಿತ್ತು. ಒಂದು ತಗಡಿನ ಶೆಡ್ಡಿನಲ್ಲಿ ಏಳೆಂಟು ಹೆಂಗಸರು ಕೂತು ಒಣದ್ರಾಕ್ಷಿಯ ರಾಶಿಯಿಂದ ಕಡ್ಡಿ ಆರಿಸುತ್ತಿದ್ದರು. ನೆರಳು ಕಂಡು ನಾನು ಅಲ್ಲಿಯೇ ನಿಂತೆ. ಅವರಲ್ಲಿ ಹಿರಿಯಳಾದವಳು ಒಳಗೆ ಕರೆದು, ಚೀಲ ಹಾಸಿ ಕೂಡಿಸಿ, ಇಬ್ಬರ ಬೊಗಸೆಗೂ ಒಣದ್ರಾಕ್ಷಿ ಸುರಿದಳು.

"ಈ ಹುಡುಗಿ ಯಾ ದೇಶದಾಕಿ? ಇಲ್ಲಿಗೆ ಯಾಕ ಬಂದೀರವ್ವಾ?"

"ತೋಟ ನೋಡಾಕ ಬಂದೀವ್ರಿ" ಅಂದೆ.

"ಬಿಸಲಾಗ, ಫೈಲ್ ಹಿಡಕೊಂಡು?"

ಹೆಂಗಸರೆಲ್ಲ ಕೈಕೆಲಸ ನಿಲ್ಲಿಸಿ ನೋಡಿದರು. ಮಾತು ಅರ್ಥವಾಗದಿದ್ದರೂ ಎಲ್ಲರ ಕಣ್ಣು ಫೈಲಿನ ಮೇಲಿರುವುದು ಅವಳಿಗೆ ಕಂಡಿತು. ತೆರೆದು ಮೇಲಿನ ಕಾಗದ ತೋರಿಸಿದಳು. ಕಾಲೇಜಿಗೆ ಹೋಗುವಂತಿದ್ದ ಒಬ್ಬ ತರುಣಿ ಅದನ್ನು ಓದಿ, "ಯಕ್ಕಾ, ಈ ಆಫೀಸ್ ಬಿಜಾಪುರದಾಗ ಐತಿ. ನೀವು ಗಾಡಿ ತಪ್ಪಿ ಬಂದೀರಿ?" ಅಂದಳು.

ಇಲ್ಲ ಅನ್ನಲು ಬಾಯಿ ತೆರೆದೆ. ಬಾಯಿ ತುಂಬ ದ್ರಾಕ್ಷಿಯಿತ್ತು. ಶೆಡ್ಡಿಗೆ ಶೆಡ್ಡೇ ನಕ್ಕಿತು. "ಇರಲಿ ಬಿಡವ್ವಾ, ಹಿಂಗಾದ್ರೂ ನಮ್ಮೂರು ನೋಡಿದಂಗಾತು" ಎಂದು ಹಿರಿಯಳು ಬೆನ್ನು ಸವರಿದಳು. ಆ ಸಮಾಧಾನದಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಅವಳಿಗೆ ನಿಜ ಹೇಳಿದೆ. ನಾನೂ ಹೊಸಬಳು, ಕಚೇರಿ ಎಲ್ಲಿದೆಯೋ ಗೊತ್ತಿಲ್ಲ, ದ್ರಾಕ್ಷಿ ತೋಟದ ಮಾತು ಬಸ್ಸಿನಲ್ಲೇ ಹುಟ್ಟಿದ್ದು. ಅವಳು ಮೊಬೈಲು ತೆಗೆದು ನಕ್ಷೆ ತೋರಿಸಿದಳು. ಹೊರಟಾಗಿನಿಂದ ಅದರಲ್ಲಿ ನಮ್ಮ ದಾರಿ ನೋಡುತ್ತಲೇ ಇದ್ದಳಂತೆ.

"ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಖುಷಿಯಾಗಿ ಸುಲ್ತಾನರ ಕಥೆ ಹೇಳುತ್ತಿದ್ದೆ. ನಡುವೆ ಬಾಯಿ ಹಾಕಬಾರದು ಅನ್ನಿಸಿತು. ಅಲ್ಲದೆ ಇಲ್ಲಿಗೆ ಬಂದ ಮೇಲೆ ನನ್ನನ್ನು ಎಲ್ಲರೂ ಕೆಲಸಕ್ಕೆಂದೇ ಅಲ್ಲಿ ಇಲ್ಲಿ ಕರೆದೊಯ್ದಿದ್ದಾರೆ. ಸುಮ್ಮನೆ ತಿರುಗಾಡಲು ಕರೆದುಕೊಂಡು ಹೋದವಳು ನೀನೊಬ್ಬಳೇ."

ತನ್ನ ದೇಶದ ದೊಡ್ಡ ಪಟ್ಟಣಕ್ಕೆ ಮೊದಲು ಓದಲು ಹೋದಾಗ ತಾನೂ ವಾರಗಟ್ಟಲೆ ದಾರಿ ತಪ್ಪಿ, ಯಾರನ್ನೂ ಕೇಳದೆ ತಿರುಗುತ್ತಿದ್ದುದನ್ನು ಅವಳು ಹೇಳಿದಳು. ಆವತ್ತು ಮೊದಲ ಸಲ ನಾನು ಸುಮ್ಮನೆ ಕೂತು ಅವಳ ಮಾತು ಕೇಳಿದೆ.

ಕಚೇರಿಯನ್ನು ಅವಳೇ ಹುಡುಕಿದಳು. ಜಲನಗರದಿಂದ ಆಟೋ ಹಿಡಿದಿದ್ದರೆ ಹತ್ತು ನಿಮಿಷದ ದಾರಿ. ಅಲ್ಲಿನ ಗುಮಾಸ್ತರು ಸ್ಥಳೀಯಳು ಎಂದು ನನ್ನ ಕಡೆ ತಿರುಗಿ, "ಮನಿ ಪತ್ತಾ ಪೂರ್ತಿ ಹೇಳ್ರಿ" ಅಂದರು.

"ಜಲನಗರ... ಅಕ್ಕೋರ ಮನಿರೀ" ಅಂದೆ.

ಮನೆ ನಂಬರು, ಅಡ್ಡರಸ್ತೆ, ಪಿನ್ ಕೋಡು ಎಲ್ಲವನ್ನೂ ತಾಂಜಾನಿಯಾದವಳು ಪಟಪಟನೆ ಹೇಳಿದಳು. ಕೆಲಸ ಆಗಿಹೋಯಿತು.

ಆಮೇಲಿನ ತಿಂಗಳುಗಳಲ್ಲಿ ಕಾಲೇಜಿನಿಂದ ಬಸ್ ಸ್ಟ್ಯಾಂಡಿಗೆ ಒಳದಾರಿ ತೋರಿಸಿದ್ದು ಅವಳೇ. ಯಾವ ಸಿಟಿ ಬಸ್ಸು ಎಲ್ಲಿ ನಿಲ್ಲುತ್ತದೆ, ತರಕಾರಿ ಎಲ್ಲಿ ತಾಜಾ ಸಿಗುತ್ತದೆ ಎಂದು ಹೇಳಿಕೊಟ್ಟವಳೂ ಅವಳೇ. ಅಕ್ಕೋರ ಬಳಿ ಕನ್ನಡ ಕಲಿತಳು. ನನ್ನ ಬಳಿ ಇಂಗ್ಲಿಷ್ ಕಲಿಯುವ ಅಗತ್ಯ ಅವಳಿಗೆ ಮೊದಲಿನಿಂದಲೂ ಇರಲಿಲ್ಲ. ನಾನೇ ಅವಳಿಂದ ಒಂದಿಷ್ಟು ಕಲಿತೆ, ಮುಖ್ಯವಾಗಿ ಬಾಯಿಪಾಠ ಮಾಡದೆ ಮಾತಾಡುವುದನ್ನು.

ಒಂದು ಸಲ ಸಂತೆಯ ದಿನ ಅವಳನ್ನು ಬಬಲೇಶ್ವರಕ್ಕೆ ಕರೆದುಕೊಂಡು ಹೋದೆ. ಅವ್ವ ಸಂತೆಯಲ್ಲೇ ಎದುರಾದಳು. ನನ್ನ ಗೆಳತಿಯ ಕೈ ಹಿಡಿದು ಮಾತಾಡಿಸಿದ ಮೇಲೆ, ನನಗೆ ಕೇಳಿಸದಿರಲಿ ಎಂದು ದನಿ ತಗ್ಗಿಸಿ, "ನನ್ನ ಮಗಳು ಅಲ್ಲಿ ಹೆಂಗ ಅದಾಳವ್ವಾ?" ಎಂದು ವಿಚಾರಿಸಿದಳು.

"ಚಲೋ ಅದಾಳ್ರಿ" ಅಂದಳು ಅವಳು, ಸ್ವಲ್ಪ ಯೋಚಿಸಿ. "ಈಗ ಬೋರ್ಡ್ ಓದಿ ಬಸ್ ಹತ್ತತಾಳ್ರಿ."

ಅವ್ವ ತಿರುಗಿ ನನ್ನನ್ನು ನೋಡಿದಳು. ನಾನು ಬದನೆಕಾಯಿ ಆರಿಸತೊಡಗಿದೆ.