ಗೊಗ್ಗರು ಗಿಟಾರು

ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆಯೇ ಇಲ್ಲ ಎಂಬ ಸಂಗತಿ ನನಗೆ ತಿಳಿದದ್ದು ಎಪ್ಪತ್ತಮೂರನೇ ವಯಸ್ಸಿನಲ್ಲಿ. ವೀಣೆಗೆ ಹೊಟ್ಟೆ ಇದೆ, ತಂಬೂರಿಗೆ ಇದೆ, ನಮ್ಮ ಕಾನ್ವೆಂಟಿನ ಪಿಯಾನೋಗಂತೂ ಇಬ್ಬರು ಹುಡುಗಿಯರು ಅಡಗಿ ಕೂರುವಷ್ಟು ಹೊಟ್ಟೆ ಇತ್ತು. ಇದು ಮಾತ್ರ ಗಟ್ಟಿ ಮರದ ಹಲಗೆ. ಕರೆಂಟು ಕೊಡದೆ ಮೀಟಿದರೆ ಸೊಳ್ಳೆಪರದೆಯೊಳಗೆ ಸಿಕ್ಕಿಬಿದ್ದ ಸೊಳ್ಳೆಯಷ್ಟು ಸದ್ದು. ಇಂಥ ಬಡಪಾಯಿ ಹಲಗೆಯಿಂದ ಎದೆ ನಡುಗಿಸುವ ಆ ಒರಟು ದನಿ ಹೇಗೆ ಹುಟ್ಟುತ್ತದೆ ಎಂಬ ಕುತೂಹಲ ನನಗೆ ಹಿಂದೆಂದೂ ಬಂದಿರಲಿಲ್ಲ. ರಾಕ್ ಮ್ಯೂಸಿಕ್ ಎಂದರೆ ನಮ್ಮ ಸಿಸ್ಟರ್‌ಗಳ ಪ್ರಕಾರ ತಲೆ ಬಾಚಿಕೊಳ್ಳದವರ ಕೆಲಸ. ಯಂಗ್ ಲೇಡೀಸ್ ಅದನ್ನು ಕೇಳುವುದಿಲ್ಲ, ಅಷ್ಟೆ.

ಈ ಜ್ಞಾನೋದಯಕ್ಕೆ ಕಾರಣ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಜಯಲಕ್ಷ್ಮಿ. ಚನ್ನರಾಯಪಟ್ಟಣದಾಚೆ ಬಾಗೂರಿನವಳು, ವಯಸ್ಸು ನಲವತ್ತನಾಲ್ಕು, ಸರ್ಕಾರಿ ಬಸ್ಸಿನ ಕಂಡಕ್ಟರು. ಹಾಸನದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು, ಮತ್ತೆ ಹಾಸನ. ದಿನಾ ಇದೇ ತ್ರಿಕೋನ. ಮಗಳು ಮೈಸೂರಿಗೆ ನರ್ಸಿಂಗ್ ಓದಲು ಹೋಗುವಾಗ, ಮೂರು ವಾರ ಕಲಿತು ಬಿಟ್ಟ ಗಿಟಾರನ್ನು ಮಂಚದ ಕೆಳಗೆ ತಳ್ಳಿ ಹೋಗಿದ್ದಳಂತೆ. ಕಸ ಗುಡಿಸುವಾಗಲೆಲ್ಲ ಪೊರಕೆ ಅದಕ್ಕೆ ತಗುಲಿ ಒಂದು ಸಣ್ಣ ನರಳಾಟ. "ಸುಮ್ನೆ ಬಿದ್ದಿರದ ನೋಡಕ್ಕಾಗಲ್ಲ ಮಿಸ್, ಒಂದಿನ ಎತ್ಕಂಡೇ ಬುಟ್ಟೆ" ಎಂದಳು ಜಯಾ, ಯಾರದೋ ಅಳುವ ಕೂಸನ್ನು ಎತ್ತಿಕೊಂಡವಳ ಹಾಗೆ. (ಊರಿಗೆಲ್ಲ ನಾನು ಮಿಸ್. ರಿಟೈರಾಗಿ ಹದಿನೈದು ವರ್ಷವಾದರೂ ತರಕಾರಿಯವನಿಗೂ ಮಿಸ್ಸೇ.)

ಸೆಕೆಂಡ್ ಶಿಫ್ಟ್ ಇದ್ದ ದಿನ ಬೆಳಿಗ್ಗೆ ಹತ್ತಕ್ಕೆ ಅವಳ ಪ್ರಾಕ್ಟೀಸು. ಮೊದಲ ವಾರ ನನಗೇನೂ ಕೇಳಿಸಲಿಲ್ಲ. ಪಾಪ, ಸಾಧನೆ ಮಾಡ್ತಾ ಮಾಡ್ತಾ ದನಿ ತಾನಾಗೇ ಏಳುತ್ತದೆಂದು ನಂಬಿ, ಹಲಗೆಯನ್ನು ಹಾಗೇ ಮೀಟುತ್ತಿದ್ದಳಂತೆ. ಎರಡನೇ ವಾರ ಮಗಳು ಫೋನಿನಲ್ಲಿ, "ಅಮ್ಮಾ, ಬೀರು ಹಿಂದೆ ಒಂದು ಕಪ್ಪು ಪೆಟ್ಟಿಗೆ ಅದೆ, ಅದೇ ಆಂಪ್ಲಿಫೈಯರು" ಎಂದಳು. ಆಗ ಶುರುವಾಯಿತು "ಟಿಣ್, ಟಿಣ್." ಚೊಕ್ಕವಾದ, ತೊಳೆದಿಟ್ಟ ಗಾಜಿನಂಥ ಸದ್ದು. ನನಗೆ ಇಷ್ಟವಾಯಿತು. ಅವಳಿಗೆ ಆಗಲಿಲ್ಲ. ವಾಲ್ಯೂಮು ತಿರುಗಿಸಿದಳು, ಟಿಣ್ ದೊಡ್ಡದಾಯಿತು. ಪೂರ್ತಿ ತಿರುಗಿಸಿದಳು. ನನ್ನ ಶೋಕೇಸಿನ ಪಿಂಗಾಣಿ ಕಪ್ಪುಗಳು ಕುಣಿದವು, ಆದರೂ ಅದು ಟಿಣ್ಣೇ. ದೊಡ್ಡ ಸದ್ದು ಬೇರೆ, ಒರಟು ಸದ್ದು ಬೇರೆ ಎಂಬುದನ್ನು ನಾವಿಬ್ಬರೂ ಒಂದೇ ಬೆಳಿಗ್ಗೆ ಕಲಿತೆವು, ಅವಳು ಮೇಲೆ, ನಾನು ಕೆಳಗೆ.

ಮೂರನೇ ವಾರ ಪೆಟ್ಟಿಗೆಯ ಮೇಲೆ ಗೇನ್ ಎಂಬ ಇನ್ನೊಂದು ಗುಂಡಿ ಇರುವುದು ಅವಳ ಕಣ್ಣಿಗೆ ಬಿತ್ತು. ಪೂರ್ತಿ ತಿರುಗಿಸಿ, ಆರೂ ತಂತಿಗೆ ಒಟ್ಟಿಗೆ ಬಾರಿಸಿದಳು. ಓ ಮೈ ಗಾಡ್! ಮಿಕ್ಸಿಯ ಜಾರಿಗೆ ಯಾರೋ ಬೆಣಚುಕಲ್ಲು ಹಾಕಿದ ಹಾಗೆ. ಒಂದು ಸ್ವರವೂ ಇನ್ನೊಂದರಿಂದ ಬಿಡಿಸಿಕೊಳ್ಳಲಾರದೆ ಕೊಚ್ಚೆಯಾಗಿತ್ತು. ಕೂತಲ್ಲಿ ಕೂರಲಾಗಲಿಲ್ಲ. ಅವಳು ಹಿಂದಿನ ದಿನ ಉಪ್ಪಿಟ್ಟು ಕಳಿಸಿದ್ದ ಸ್ಟೀಲ್ ಡಬ್ಬಿ ಇತ್ತು. ಬರಿ ಡಬ್ಬಿ ವಾಪಸು ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ.

ಖಾಕಿ ಷರ್ಟು ತೊಟ್ಟು ಡ್ಯೂಟಿಗೆ ರೆಡಿಯಾಗಿದ್ದ ಜಯಾ, ಮಂಚದ ಅಂಚಿನಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಒರೆಸಿಕೊಳ್ಳುತ್ತಿದ್ದಳು. ಬೆವರೋ ಕಣ್ಣೀರೋ, ಕೇಳುವುದು ನಾಟ್ ಪೊಲೈಟ್. ಅವಳೇ ಹೇಳಿದಳು. ಮುಂದಿನ ತಿಂಗಳ ಎರಡನೇ ಭಾನುವಾರ ಡಿಪೋದಲ್ಲಿ ವಾರ್ಷಿಕೋತ್ಸವ. ಪ್ರತಿ ವರ್ಷ ಹೆಂಗಸರ ಪಾಲಿಗೆ ಪ್ರಾರ್ಥನೆ ಮತ್ತು ರಂಗೋಲಿ. ಪ್ರಾರ್ಥನೆಯ ಗುಂಪಿನಿಂದ ಇವಳನ್ನು ಮೊದಲ ವರ್ಷವೇ ಕೈಬಿಟ್ಟಿದ್ದರು. ಈ ಸಲ ಇವಳು ಕಾರ್ಯಕ್ರಮದ ಪಟ್ಟಿಯಲ್ಲಿ "ಜಯಲಕ್ಷ್ಮಿ, ಗಿಟಾರ್" ಎಂದು ಬರೆಸಿಬಿಟ್ಟಿದ್ದಾಳೆ. ಇವಳ ಬಸ್ಸಿನ ಡ್ರೈವರು ಸಿದ್ದೇಗೌಡ ಆ ಪಟ್ಟಿ ಓದಿ ಡಿಪೋಗೆಲ್ಲ ಸಾರಿದ್ದಾನೆ: "ಜಯಕ್ಕ ಗಿಟಾರ್ ಬಾರಿಸ್ತದಂತೆ ಕಣ್ರಲಾ, ಕಿವಿಗೆ ಅತ್ತಿ ತನ್ನಿ!"

"ಪಿಟೀಲೋ ಕೊಳಲೋ ಕಲಿಯಬಹುದಿತ್ತಲ್ಲ ಜಯಾ?" ಎಂದೆ.

"ನನ್ ದನಿ ಕೇಳಿದ್ದೀರಲ್ಲ ಮಿಸ್. ಬಾಗೂರ್ ಸ್ಕೂಲಲ್ಲಿ ನಾಡಗೀತೆ ಯೋಳಕ್ಕೆ ನಿಂತ್ರೆ ಮೇಡಮ್ಮು, 'ಏ ಗೊಗ್ಗರು, ನೀ ಸುಮ್ನೆ ಬಾಯಾಡ್ಸು, ದನಿ ತಗೀಬ್ಯಾಡ' ಅನ್ನೋರು. ಏಳ್ ವರ್ಸ ಬಾಯಾಡ್ಸಿವ್ನಿ. ಇದ್ರ ದನಿನೂ ನನ್ನಂಗೇ ಗೊಗ್ಗರು. ಆದ್ರೆ ಇದ್ಕೆ ಜನ ಚಪ್ಪಾಳೆ ತಟ್ತಾರೆ."

ನಾನು ಸಕ್ಕರೆ ಡಬ್ಬಿಯನ್ನು ಕಿಟಕಿಯ ಮೇಲಿಟ್ಟೆ. ಆ ಮೇಡಮ್ಮು ನಾನಲ್ಲ. ಆದರೆ ಹಾಸನದ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷೂ ಮ್ಯೂಸಿಕ್ಕೂ ಕಲಿಸಿದ ನಾನು ಪ್ರತಿ ಸ್ಕೂಲ್ ಡೇಗೆ ಮುಂಚೆ ಕ್ವಾಯರ್ ಸಾಲಿನ ಮುಂದೆ ಓಡಾಡುತ್ತ, ಯಾರ ದನಿ ಬಿರುಸೋ ಅವರ ಭುಜ ಮುಟ್ಟಿ, "ಓನ್ಲಿ ಲಿಪ್ಸ್, ಡಿಯರ್" ಎಂದಿದ್ದೇನೆ. ಡಿಯರ್ ಎಂದು ಸೇರಿಸಿದರೆ ನೋಯುವುದಿಲ್ಲವೆಂದು ನಂಬಿದ್ದೆ. ಎಷ್ಟು ಭುಜಗಳೋ, ಈಗ ಲೆಕ್ಕವಿಲ್ಲ.

ಹಾಗಾಗಿ ಅಂದು ಅಲ್ಲೇ ಕೂತೆ. ಕಿವಿ ಇನ್ನೂ ಚೆನ್ನಾಗಿದೆ, ಅಷ್ಟೇ ನನ್ನ ಬಂಡವಾಳ. ಮತ್ತೊಮ್ಮೆ ಬಾರಿಸು ಎಂದೆ. ಆರೂ ತಂತಿಗೆ ಒಂದೇ ಹೊಡೆತ, ಮತ್ತದೇ ಕೊಚ್ಚೆ. "ಎಲ್ಲವನ್ನೂ ಯಾಕೆ ಹೊಡೀತೀಯ?" ಎಂದರೆ ಅವಳಿಗೆ ನಿಜವಾಗಿ ಆಶ್ಚರ್ಯ: "ಆರ್ ತಂತಿ ಬಸ್ ಅತ್ತವೆ ಅಂದ್ಮೇಲೆ ಆರಕ್ಕೂ ಟಿಕೆಟ್ ಕೊಡ್ಬೇಕಲ್ವಾ ಮಿಸ್!" ಇಪ್ಪತ್ತು ವರ್ಷ ಬಸ್ಸಿನಲ್ಲಿ ಒಬ್ಬರನ್ನೂ ತಪ್ಪಿಸದೆ ಟಿಕೆಟ್ ಕೊಟ್ಟ ಕೈ ಅದು. ಒಂದಾದರೂ ತಂತಿಯನ್ನು ಹಾಗೇ ಬಿಟ್ಟುಬಿಡುವುದು ಅದರ ಧರ್ಮದಲ್ಲೇ ಇರಲಿಲ್ಲ.

ಆಗ ನನಗೆ ಹೊಳೆನರಸೀಪುರದ ನಮ್ಮ ಸೋದರತ್ತೆಯ ತಂಬೂರಿ ನೆನಪಾಯಿತು. ಆಕೆ ಶ್ರುತಿ ಮಾಡಿದ ಮೇಲೆ ಪ್ರತಿ ತಂತಿಯ ಕೆಳಗೆ, ಅದನ್ನು ಹೊರುವ ಮರದ ಕುದುರೆಯ ಮೇಲೆ, ಒಂದೊಂದೆಳೆ ಹತ್ತಿಯ ನೂಲು ತೂರಿಸಿ ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತಿದ್ದರು. ಸರಿಯಾದ ಜಾಗ ಸಿಕ್ಕೊಡನೆ ಸಪ್ಪೆ ತಂತಿ ಝೇಂಕರಿಸುತ್ತಿತ್ತು. ಆ ನೂಲಿಗೆ ಹೆಸರೇ ಜೀವ. ಅತಿಯಾದರೆ ಡಬ್ಬಿಯಲ್ಲಿ ಸಿಕ್ಕ ದುಂಬಿ, ಕಮ್ಮಿಯಾದರೆ ಹೆಣ. ಯೋಚಿಸಿ ನೋಡಿ, ನಯವಾದ ನಾದಕ್ಕೆ ಬೇಕೆಂದೇ ಒಂದು ತೊಡಕು ಒಡ್ಡಿ, ಅದು ಒರಟಾದಾಗ ಜೀವ ಬಂತು ಎನ್ನುವುದು! ನಮ್ಮ ಹಿರಿಯರು ಇದನ್ನು ದೇವರ ಮನೆಯಲ್ಲೇ ಕೂತು ಮಾಡುತ್ತಿದ್ದರು, ತಲೆ ಬಾಚಿಕೊಂಡೇ. ತಂಬೂರಿಯಲ್ಲಿ ಇರುವುದಾದರೂ ಏನು? ಬರೀ ಷಡ್ಜ, ಪಂಚಮ, ಅಂದರೆ ಸಾ ಮತ್ತು ಪಾ. ಗಾಂಧಾರವನ್ನು ಯಾರೂ ಅಲ್ಲಿ ಕಟ್ಟಿ ಕೂರಿಸುವುದಿಲ್ಲ. ಗಾಂಧಾರ ಸಂಭಾವಿತ, ನಿಜ. ನಯವಾದ ಸಭೆಯಲ್ಲಿ ಅದರಷ್ಟು ಸಿಹಿ ಯಾವುದೂ ಇಲ್ಲ. ಜಯಾಳ ಆರು ತಂತಿಯ ಗದ್ದಲದೊಳಗೆ ಬಿಟ್ಟರೆ ಮಾತ್ರ ಎಲ್ಲರೊಡನೆ ಜಗಳ.

"ಜಯಾ, ಸಾ ಒಂದು, ಪಾ ಒಂದು. ಎರಡೇ ತಂತಿ" ಎಂದೆ. ಗೇನನ್ನು ಅತ್ತೆ ನೂಲು ಸರಿಸುತ್ತಿದ್ದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿ ಅರ್ಧಕ್ಕೆ ತಂದೆವು. ದಪ್ಪ ತಂತಿಯ ಮೇಲೆ ತೋರುಬೆರಳು, ಪಕ್ಕದ ತಂತಿಯಲ್ಲಿ, ಲೋಹದ ಪಟ್ಟಿಗಳ ನಡುವೆ ಎರಡು ಮನೆ ಮುಂದೆ, ಉಂಗುರದ ಬೆರಳು. ಮಿಕ್ಕ ನಾಲ್ಕಕ್ಕೆ ತೋರುಬೆರಳನ್ನೇ ಅಡ್ಡ ಮಲಗಿಸಿ ಸುಮ್ಮನೆ ತಾಗಿಸಿದ್ದು. ಹೊಡೆದಳು.

ಘ್ರ್‌ರ್‌ರಂ!

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅದು ಸದ್ದಲ್ಲ, ಕೋಣೆಯೊಳಗೆ ಬಂದು ನಿಂತ ಒಂದು ಪ್ರಾಣಿ.

"ಆ ನಾಲ್ಕೂ ಬಸ್ಸಲ್ಲೇ ಅವೆ ಮಿಸ್, ಜೀರೋ ಟಿಕೆಟ್ ಕೊಟ್ಟಿವ್ನಿ!" ಎಂದು ಅವಳು ನಕ್ಕ ನಗುವೂ ಅದೇ ಶ್ರುತಿಯಲ್ಲಿತ್ತು.

ಮಿಕ್ಕಿದ್ದೆಲ್ಲ ಅವಳ ಸಾಧನೆ, ನನ್ನದೇನಿಲ್ಲ. ಈ ಒರಟು ಹೇಗೆ ಹುಟ್ಟುತ್ತದೆಂದು ಮಗಳು ಕಳಿಸಿದ ವಿಡಿಯೋ ನೋಡಿ ನನಗೆ ಪಾಠ ಹೇಳಿದವಳೂ ಅವಳೇ: "ದನಿ ಅಲೆ ಎತ್ರುಕ್ಕೆ ಏಳಕ್ಕೋಯ್ತದೆ ಮಿಸ್, ಪೆಟ್ಗೇಲಿ ಅಷ್ಟ್ ಜಾಗ ಇರಲ್ಲ. ಸೋಮವಾರ ಬೆಳಗ್ಗೆ ನಮ್ ಬಸ್ಸಲ್ಲಿ ಎತ್ರದೋರು ಸೂರಿಗೆ ತಲೆ ತಗ್ಲಿ ಬಗ್ಗಿ ನಿಂತ್ಕತಾರಲ್ಲ, ಅಂಗೆ." ಕಾನ್ವೆಂಟಿನಲ್ಲಿ ಫಿಸಿಕ್ಸ್‌ಗೆ ಇಂಥ ಟೀಚರ್ ಇದ್ದಿದ್ದರೆ ನಾನು ಫೇಲಾಗುತ್ತಿರಲಿಲ್ಲ. ಬಲ ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒತ್ತಿ ಹೊಡೆದರೆ ದನಿ ಹರಡದೆ "ಜುಗು ಜುಗು" ಎನ್ನುತ್ತದೆಂಬುದನ್ನು, ಕೈ ಸೋತು ಒರಗಿಸಿದಾಗ ಅವಳೇ ಕಂಡುಕೊಂಡಳು. ಚಳಿಗಾಲದ ಬೆಳಿಗ್ಗೆ ಡಿಪೋದಲ್ಲಿ ಎಂಜಿನ್ ಸ್ಟಾರ್ಟಾಗುವ ಸದ್ದೇ ಅದು. ಬೆರಳ ತುದಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು. ಮೂರು ಜಾಗ, ಒಂದು ಜುಗು ಜುಗು, ಅಷ್ಟರಲ್ಲೇ ತನ್ನದೊಂದು ಪುಟ್ಟ ರಚನೆ ಕಟ್ಟಿದಳು.

ಭಾನುವಾರ ಬಂತು. ಕಾಟನ್ ಸೀರೆಯುಟ್ಟು ನಾನೂ ಹೋದೆ. ಪ್ರಾರ್ಥನೆ, ಭಾಷಣ, ಲಿಂಬೆ-ಚಮಚದ ಬಹುಮಾನ, ಮತ್ತೆ ಭಾಷಣ. ಆಮೇಲೆ ಜಯಾ ಖಾಕಿಯಲ್ಲೇ ವೇದಿಕೆ ಹತ್ತಿದಳು. ಕಪ್ಪು ಪೆಟ್ಟಿಗೆಯ ಮುಂದೆ ಮೈಕು ಇಟ್ಟರು. ಮುಂದಿನ ಸಾಲಿನಲ್ಲಿ ಸಿದ್ದೇಗೌಡ ಎರಡೂ ಕಿವಿಗೆ ಬೆರಳಿಟ್ಟು ತೋರಿಸಿದ, ಜನ ನಕ್ಕರು. ಅವಳು ಹೊಡೆದಳು, ಘ್ರ್‌ರ್‌ರಂ. ಒಂದೇ ಸಲ. ಮರುಕ್ಷಣ ಎಲ್ಲ ನಿಶ್ಶಬ್ದ.

ಮೈಕ್‌ಸೆಟ್ಟಿನ ಯಜಮಾನರು, ಅರವತ್ತು ದಾಟಿದವರು, ಊರಿನ ಎಷ್ಟೋ ಮದುವೆಗಳಿಗೆ ಓಲಗ ಕೇಳಿಸಿದವರು, ತಮ್ಮ ಸ್ಪೀಕರು ಹರಿದೇ ಹೋಯಿತೆಂದು ಹೌಹಾರಿ ಸ್ವಿಚ್ಚು ಆರಿಸಿಬಿಟ್ಟಿದ್ದರು. ವೇದಿಕೆಯ ಕರೆಂಟೂ ಅದರ ಜೊತೆಗೇ ಹೋಗಿತ್ತು. "ಪೆಟ್ಗೆ ಕೆಟ್ಟೋಯ್ತು ಸಾ, ಇಳಿಸ್ರಿ ಆಯಮ್ಮನ್ನ!" ಎಂದು ಕೂಗಿದರು. ಮ್ಯಾನೇಜರು ಮುಂದಿನ ಕಾರ್ಯಕ್ರಮದ ಹಾಳೆ ಹುಡುಕತೊಡಗಿದರು. ಜಯಾಳ ಕೈಯಲ್ಲಿ ಈಗ ಮತ್ತದೇ ಸೊಳ್ಳೆ ಹಲಗೆ. ಇಳಿದುಬಿಡುತ್ತಾಳೆ, ಇನ್ನು ಮುಟ್ಟುವುದಿಲ್ಲ ಎಂದುಕೊಂಡೆ.

ಅವಳು ಇಳಿಯಲಿಲ್ಲ. ಮೈಕಿಲ್ಲ, ಕರೆಂಟಿಲ್ಲ, ಹಿಂದಿನ ಬಾಗಿಲವರೆಗೆ ಮುಟ್ಟುವ ತನ್ನ ಗಂಟಲು ತೆಗೆದಳು:

"ಅಣ್ಣೋ! ಕೆಟ್ಟಿಲ್ಲ ಕಣಣ್ಣಾ! ಅದ್ರ ದನಿನೇ ಅಂಗೆ! ಹಾಕು ಸ್ವಿಚ್ಚು!"

ಮೊದಲು ಕಿವಿಯಿಂದ ಬೆರಳು ತೆಗೆದವನು ಸಿದ್ದೇಗೌಡ: "ಹಾಕ್ರೀ ಯಜಮಾನ್ರೇ, ಜಯಕ್ಕ ಯೋಳ್ತಾ ಇಲ್ವಾ!" ಸ್ವಿಚ್ಚು ಬಿತ್ತು. ಮುಂದಿನ ಎರಡು ನಿಮಿಷ ಅವಳು ಮೂರು ಜಾಗದಲ್ಲಿ ಎರಡು ತಂತಿಯಿಂದ ಮಾಡಿದ್ದನ್ನು ನಾನು ಮ್ಯೂಸಿಕ್ ಎಂದೇ ಕರೆಯುತ್ತೇನೆ, ಸಿಸ್ಟರ್‌ಗಳು ಕ್ಷಮಿಸಲಿ. ಎರಡು ಕಡೆ ತಪ್ಪಿದಳು. ತಪ್ಪೂ ಗರ್ಜಿಸಿತು. ಯಜಮಾನರು ಮಾತ್ರ ಕೊನೆಯವರೆಗೆ ಸ್ಪೀಕರಿನ ಬೆನ್ನು ಸವರುತ್ತ ನಿಂತಿದ್ದರು.

ಮಾರನೆಯ ಬೆಳಿಗ್ಗೆ ಜಯಾ ಫಸ್ಟ್ ಶಿಫ್ಟಿಗೆ ಹೋಗುವ ಮೊದಲು ಗಿಟಾರನ್ನು ತಂದು ನನ್ನ ಸೋಫಾದ ಮೇಲೆ ಮಲಗಿಸಿ, ಕಪ್ಪು ಪೆಟ್ಟಿಗೆಯನ್ನೂ ಪ್ಲಗ್ಗಿಗೆ ಸಿಕ್ಕಿಸಿ, "ನಾ ಬರಗಂಟ ನೀವೂ ಒಂದ್ಸಾರಿ ವಡೀರಿ ಮಿಸ್" ಎಂದು ಹೋದಳು. ಸಂಧಿವಾತದ ಬೆರಳುಗಳು ಎರಡು ಮನೆ ಚಾಚಲು ಹತ್ತು ನಿಮಿಷ ಹಿಡಿಯಿತು. ಹೊಡೆದೆ. ಜೀವಮಾನವಿಡೀ ನಯವಾಗಿ ಮಾತಾಡಿ ಬಂದವಳ ಮನೆಯಿಂದ ಅಂಥ ಸದ್ದು ಹೊರಟಿತು. ಐದು ನಿಮಿಷದಲ್ಲಿ ಪಕ್ಕದ ಮನೆಯ ಪದ್ಮಮ್ಮ ಬಾಗಿಲು ಬಡಿದರು: "ಮಿಸ್, ಬೆಳಬೆಳಗ್ಗೆ ಅದೇನ್ರೀ ಗಲಾಟೆ, ಯಾರ್ರೀ ಮಾಡ್ತಿರೋದು?"

ಐ ಆಮ್ ಸಾರಿ ಎನ್ನಲು ಬಾಯಿ ತೆರೆದೆ. ಅಭ್ಯಾಸ. ಬಂದ ಮಾತು ಬೇರೆ.

"ನಾನೇ ಪದ್ಮಮ್ಮ. ಒಳಗೆ ಬನ್ನಿ, ಇನ್ನೊಂದ್ಸಾರಿ ಹೊಡೀತೀನಿ."