ಖಾಲಾ ಕೊಡುತ್ತಿದ್ದ ಹೆಪ್ಪು

ನಿನ್ನೆ ಮಗಳು ಪ್ಯಾಕೆಟ್ ಮೊಸರಿನಿಂದ ಹಾಲಿಗೆ ಹೆಪ್ಪು ಹಾಕಿದ್ದಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಲೋಳೆ ಲೋಳೆ, ಎಂಥದೋ ಹುಳಿ ವಾಸನೆ. ಅದರೊಳಗೆ ಏನು ಬೆರೆಸಿರುತ್ತಾರೋ, ಯಾವನಿಗೆ ಗೊತ್ತು! ಚಿಕ್ಕಮ್ಮ ಎಂಬರ್ಥದಲ್ಲಿ ನಾವೆಲ್ಲ ಖಾಲಾ ಎನ್ನುತ್ತಿದ್ದ ಪಕ್ಕದ ಮನೆಯಾಕೆ ನೆನಪಾದಳು...

ಕೆಲವು ವರ್ಷಗಳ ಹಿಂದಿನವರೆಗೆ ಬ್ಯಾಡಗಿಯ ನಮ್ಮ ಓಣಿಗೆಲ್ಲ ಆಕೆಯ ಮನೆಯ ಹೆಪ್ಪೇ. ಹಗಲೆಲ್ಲ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿದು ಬಂದು, ಕೈ ತಿಕ್ಕಿ ತೊಳೆದು, ಬಟ್ಟಲು ಹಿಡಿದು ಬಂದವರಿಗೆಲ್ಲ ಒಂದೊಂದು ಚಮಚ ಹಾಕುತ್ತಿದ್ದಳು. ಗಂಡ, ಮಕ್ಕಳಿಲ್ಲದ ಆಕೆಗೆ ಆ ಹೊತ್ತಿನ ಗದ್ದಲವೇ ಸಂಸಾರ.

ಒಂದು ಬೇಸಿಗೆಯಲ್ಲಿ ಆಕೆಗೆ ಜ್ವರ ಬಂದು ತುಟಿಯ ಮೇಲೆ ಗುಳ್ಳೆ ಎದ್ದವು. ಜ್ವರ ಇಳಿಯಿತು, ಬಾಯೊಳಗೆ ಹುಣ್ಣಾದದ್ದು ಮಾತ್ರ ಮಾಯಲಿಲ್ಲ. ನಮ್ಮೂರಲ್ಲಿ ಬಾಯಿ ಉರಿದರೆ ಬೇರೆ ಕಾರಣ ಯಾರು ಹುಡುಕುತ್ತಾರೆ? ಮೆಣಸಿನಕಾಯಿ ಘಾಟು ಎಂದು ಆಕೆಯೂ ಅಂದಳು, ಓಣಿಯೂ ಅಂದಿತು. ನನಗೊಬ್ಬಳಿಗೇ ಗುಮಾನಿ. ಇಷ್ಟು ವರ್ಷ ಸುಡದ ಘಾಟು ಈಗ್ಯಾಕೆ ಸುಡುತ್ತದೆ? ಕೇಳುವವರ್ಯಾರು...

ಬೆನ್ನ ಮೇಲೆಲ್ಲ ನೀರುಗುಳ್ಳೆ ಎದ್ದು, ಒಡೆದು, ಚರ್ಮ ಸುಲಿದಾಗ ನಾನೇ ಹಾವೇರಿಗೆ ಕರೆದೊಯ್ದೆ. ಮೈಯ ಕಾವಲೇ ತಿರುಗಿಬಿದ್ದು ತನ್ನ ಚರ್ಮವನ್ನೇ ಹಾಳುಮಾಡುವ ರೋಗ, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಗುಳಿಗೆ ಮಾತ್ರ ತಪ್ಪಿಸಬಾರದು ಎಂದರು ಡಾಕ್ಟರು. ಯಾಕೆ ಬಂತೆಂದು ನಾನು ಬಿಡದೆ ಕೇಳಿದೆ. ಜ್ವರ ತಂದ ಸೋಂಕು ಕೆಣಕಿರಬಹುದು, ಕೆಣಕದೆಯೂ ಇರಬಹುದು, ಖಾತ್ರಿ ಹೇಳಲಾಗದು ಎಂದರು. ನನಗೆ ಅವರ ಮೇಲೂ ಸಂಶಯವೇ ಬಂತು.

ಆದರೂ ಅದನ್ನೇ ಮನೆಯಲ್ಲಿ ಹೇಳಿದೆ. ಅತ್ತೆ ಹುಬ್ಬು ಗಂಟಿಕ್ಕಿದರು.

"ಸೋಂಕಿಂದ ಬಂದೈತಿ ಅಂತೀ, ಅಂಟೂದಿಲ್ಲ ಅಂತೀ. ಎರಡೂ ಹೆಂಗ ಖರೇ ಅಕ್ಕಾವ?"

ಕೆಣಕಿದ್ದರೂ ಆ ಸೋಂಕು ಎಂದೋ ಹೋಯಿತು, ಉಳಿದದ್ದು ಆಕೆಯ ಮೈಯೊಳಗಿನ ಜಗಳ ಎಂದು ಗಂಟಲು ಹರಿದುಕೊಂಡೆ. ಓಣಿಯಲ್ಲಿ ಯಾರೂ ನಂಬಲಿಲ್ಲ. ಸಂಜೆ ಬರುತ್ತಿದ್ದ ಬಟ್ಟಲುಗಳು ನಿಂತವು. ನಾನೊಬ್ಬಳೇ ಹೋಗುತ್ತಿದ್ದೆ. ನಾನು ತಂದದ್ದನ್ನು ಅತ್ತೆ ಬಚ್ಚಲಿಗೆ ಚೆಲ್ಲುವುದನ್ನು ಒಂದು ದಿನ ಖಾಲಾ ಹಿತ್ತಲ ಗೋಡೆಯಾಚೆಯಿಂದ ನೋಡಿದಳು.

ಆಮೇಲೆ ಆಕೆ ಹಾಲು ತರಿಸುವುದನ್ನೇ ಬಿಟ್ಟಳು. ಗುಳಿಗೆಯನ್ನೂ ಬಿಟ್ಟಿದ್ದಾಳೆಂದು ತಿಳಿದು ಜಗಳಕ್ಕೇ ಹೋದೆ.

"ಯಾರಿಗಂತ ನುಂಗ್ಲಿ, ಬೇಟಿ?" ಎಂದಳು.

ಒಡೆದ ಗುಳ್ಳೆಗಳಿಗೆ ನಂಜೇರಿ, ಮಳೆ ಹಿಡಿಯುವ ಮೊದಲೇ ತೀರಿಕೊಂಡಳು...

ಇಂದು ಕೆಟ್ಟ ಮೊಸರನ್ನು ಅದೇ ಬಚ್ಚಲಿಗೆ ಚೆಲ್ಲಿದೆ. ಆಕೆಗೆ ಆ ರೋಗ ಯಾಕೆ ಬಂತೆಂದು ಡಾಕ್ಟರಿಗೂ ಖಾತ್ರಿಯಿರಲಿಲ್ಲ. ಗುಳಿಗೆ ಯಾಕೆ ಬಿಟ್ಟಳೆಂದು ಓಣಿಗೆಲ್ಲ ಗೊತ್ತು.